ತೂಕ ಇಳಿಯುವುದು ನಿಂತುಹೋಗಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ: ನನಗೆ 42 ವರ್ಷ. ಹಾಸನದಲ್ಲಿ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ದಿನವಿಡೀ ಕುಳಿತೇ ಇರಬೇಕು. ಎತ್ತರ 158 ಸೆಂ.ಮೀ. ಮೂರು ತಿಂಗಳ ಹಿಂದೆ 76 ಕೆ.ಜಿ. ಇದ್ದೆ. ಅನ್ನ ಪೂರ್ತಿ ಬಿಟ್ಟು ಮಧ್ಯಾಹ್ನ, ರಾತ್ರಿ ಎರಡು ಹೊತ್ತೂ ಮುದ್ದೆ ಉಣ್ಣುತ್ತಿದ್ದೇನೆ. ಕಾಫಿಗೆ ಸಕ್ಕರೆಯ ಬದಲು ಬೆಲ್ಲ. ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ 40 ನಿಮಿಷ ನಡೆಯುತ್ತೇನೆ, ಭಾನುವಾರ ಮಾತ್ರ ಬಿಡುವು. ಮೊದಲ ತಿಂಗಳು ಮೂರು ಕೆ.ಜಿ. ಇಳಿಯಿತು, ಆಮೇಲೆ ಒಂದು ಕೆ.ಜಿ. ಈಗ ಐದು ವಾರದಿಂದ 72ರ ಆಸುಪಾಸಿನಲ್ಲೇ ನಿಂತಿದೆ. ಕೆಲವು ದಿನ ಬೆಳಿಗ್ಗೆ ನೋಡಿದರೆ ಒಂದು ಕೆ.ಜಿ. ಹೆಚ್ಚೇ ತೋರಿಸುತ್ತದೆ, ಆ ದಿನವೆಲ್ಲ ಮನಸ್ಸು ಕೆಡುತ್ತದೆ. ಥೈರಾಯ್ಡ್ ಇರಬಹುದೇ? ಪರಿಚಯದವರೊಬ್ಬರು ಪುಡಿಯೊಂದನ್ನು ಕುಡಿದರೆ ತಿಂಗಳಿಗೆ ಎಂಟು ಕೆ.ಜಿ. ಇಳಿಯುತ್ತದೆ ಎನ್ನುತ್ತಾರೆ, ತೆಗೆದುಕೊಳ್ಳಲೇ? ಮನೆಯಲ್ಲಿ ಅಡುಗೆ ಅತ್ತೆಯವರದು, ಕಡಿಮೆ ಬಡಿಸಿಕೊಂಡರೆ ನೊಂದುಕೊಳ್ಳುತ್ತಾರೆ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರೂ ನನ್ನ ಜೊತೆ ಶುರು ಮಾಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನೀವೇ ಗಮನಿಸದೆ ದಾಟಿಹೋದ ಸಂಗತಿಯೊಂದಿದೆ, ಅಲ್ಲಿಂದಲೇ ಶುರು ಮಾಡುತ್ತೇನೆ. 76ರಿಂದ 72ಕ್ಕೆ ಬಂದಿದ್ದೀರಿ. ಶುರುವಿನ ತೂಕದಲ್ಲಿ ಶೇ 5ಕ್ಕಿಂತ ತುಸು ಹೆಚ್ಚೇ ಕಳೆದಿದ್ದೀರಿ. ತೂಕ ಹೆಚ್ಚಿರುವವರು ಶೇ 5ರಿಂದ 10ರಷ್ಟು ಇಳಿಸಿಕೊಂಡರೆ ರಕ್ತದೊತ್ತಡ, ರಕ್ತದ ಸಕ್ಕರೆ, ಯಕೃತ್ತಿನಲ್ಲಿ ಸೇರಿದ ಕೊಬ್ಬು, ಮಂಡಿಯ ಮೇಲಿನ ಭಾರ ಎಲ್ಲವೂ ಸುಧಾರಿಸತೊಡಗುತ್ತವೆ. ಆ ಫಲದ ಮೊದಲ ಭಾಗ ನಿಮಗೆ ಆಗಲೇ ದಕ್ಕಿದೆ. ಕನ್ನಡಿಯಲ್ಲಿ ಅದು ಕಾಣದಿರಬಹುದು, ರಕ್ತ ಪರೀಕ್ಷೆಯಲ್ಲಿ ಕಾಣುವ ಸಾಧ್ಯತೆ ಚೆನ್ನಾಗಿದೆ. ಇನ್ನೂ ದಾರಿ ಇದೆ ಎಂಬುದೂ ನಿಜ. ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ತೋರಿಸುವ ದೇಹ ತೂಕ ಸೂಚ್ಯಂಕ (ಬಿ.ಎಂ.ಐ.) ನಿಮಗೆ ಈಗ ಸುಮಾರು 29. ನಮ್ಮ ದೇಶದವರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಆದರೆ ಅಷ್ಟು ದೂರದ ಗುರಿಯನ್ನು ಈಗ ಕಣ್ಣ ಮುಂದೆ ಇಟ್ಟುಕೊಳ್ಳಬೇಡಿ. ಮುಂದಿನ ನಿಲುಗಡೆ 68 ಕೆ.ಜಿ. ಆಗಿರಲಿ. ಅಲ್ಲಿಗೆ ಶುರುವಿನ ತೂಕದ ಶೇ 10 ಇಳಿದಂತಾಗುತ್ತದೆ. ತಿಂಗಳಿಗೆ ಒಂದರಿಂದ ಒಂದೂವರೆ ಕೆ.ಜಿ.ಯಂತೆ ಮೂರು ನಾಲ್ಕು ತಿಂಗಳ ಕೆಲಸ.

ಇನ್ನು ನಿಮ್ಮನ್ನು ಕಾಡುತ್ತಿರುವ ಆ ಒಂದು ಕೆ.ಜಿ.ಯ ವಿಷಯ. ರಾತ್ರಿ ಬೆಳಗಾಗುವುದರೊಳಗೆ ಒಂದು ಕೆ.ಜಿ. ಕೊಬ್ಬು ಕೂಡಬೇಕಾದರೆ ದೇಹಕ್ಕೆ ಬೇಕಾದುದರ ಮೇಲೆ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ತಿಂದಿರಬೇಕು. ನಿಮ್ಮಂಥವರ ನಾಲ್ಕು ದಿನದ ಊಟಕ್ಕಿಂತಲೂ ಅದು ಹೆಚ್ಚು. ಒಂದು ರಾತ್ರಿಯಲ್ಲಿ ಅದು ಸಾಧ್ಯವೇ ಇಲ್ಲ. ಯಂತ್ರ ತೋರಿಸಿದ ಆ ಒಂದು ಕೆ.ಜಿ. ಬಹುಮಟ್ಟಿಗೆ ನೀರು. ಹಿಂದಿನ ದಿನ ಗೃಹಪ್ರವೇಶದ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಪುಳಿಯೋಗರೆ ತಿಂದಿದ್ದರೆ ಆ ಉಪ್ಪು ಒಂದೆರಡು ದಿನ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಲಬದ್ಧತೆ ಇದ್ದರೆ ಅದರ ಭಾರವೂ ಸೇರುತ್ತದೆ. ಮುಟ್ಟಿನ ಹಿಂದಿನ ವಾರದಲ್ಲಿ ಅನೇಕ ಹೆಂಗಸರಿಗೆ ಒಂದೆರಡು ಕೆ.ಜಿ. ಏರಿ ಮುಟ್ಟಾದ ಮೇಲೆ ತಾನಾಗಿ ಇಳಿಯುತ್ತದೆ. ನಿಮ್ಮ ವಯಸ್ಸಿನಲ್ಲಿ ಮುಟ್ಟು ಹಿಂದೆ ಮುಂದೆ ಆಗತೊಡಗಿದರೆ ಈ ಏರಿಳಿತವೂ ಅಂದಾಜಿಗೆ ಸಿಗುವುದಿಲ್ಲ.

ಮೊದಲ ತಿಂಗಳು ಮೂರು ಕೆ.ಜಿ. ಇಳಿದದ್ದಕ್ಕೂ ಇದೇ ನೀರಿನ ಪಾಲಿದೆ. ನಮ್ಮ ಯಕೃತ್ತು ಮತ್ತು ಸ್ನಾಯುಗಳು ಪಿಷ್ಟವನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಅದರ ಒಂದೊಂದು ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ಕಡಿಮೆ ಮಾಡಿದ ಕೂಡಲೇ ಮೊದಲು ಖರ್ಚಾಗುವುದು ಈ ದಾಸ್ತಾನು, ಅದರೊಂದಿಗೆ ನೀರೂ ಹೋಗುತ್ತದೆ. ಅದಕ್ಕೇ ಯಾರು ಯಾವ ಪಥ್ಯ ಹಿಡಿದರೂ ಮೊದಲ ವಾರಗಳಲ್ಲಿ ತೂಕ ಸರಸರನೆ ಇಳಿದಂತೆ ಕಾಣುತ್ತದೆ. ಆ ವೇಗ ಮುಂದುವರಿಯಲಿಲ್ಲವೆಂದು ನೀವು ಕೊರಗುತ್ತಿದ್ದೀರಿ. ಅದು ಯಾರಿಗೂ ಮುಂದುವರಿಯುವುದಿಲ್ಲ.

ಹಾಗಾದರೆ ಐದು ವಾರದಿಂದ ನಿಜಕ್ಕೂ ಏನೂ ಇಳಿದಿಲ್ಲವೇ? ನಿಮ್ಮ ಪತ್ರದಿಂದ ಅದು ಗೊತ್ತಾಗುವುದಿಲ್ಲ. ‘72ರ ಆಸುಪಾಸು’ ಎಂದಿದ್ದೀರಿ. ಆ ಆಸುಪಾಸಿನೊಳಗೇ ಒಂದು ಕೆ.ಜಿ. ಕೊಬ್ಬು ಕರಗಿ ಹೋಗಿರಬಹುದು, ಕರಗದೆಯೂ ಇರಬಹುದು. ನೀವು ಸಂಘದ ಲೆಕ್ಕ ಬರೆಯುವವರು, ಒಂದು ದಿನದ ಜಮಾ ಖರ್ಚು ನೋಡಿ ಸಂಘ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ಎಂದು ಹೇಳುವುದಿಲ್ಲ. ತೂಕದ ಲೆಕ್ಕವನ್ನೂ ಹಾಗೆಯೇ ಇಡಿ. ದಿನಾ ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ, ಹೆಚ್ಚುಕಡಿಮೆ ಒಂದೇ ಬಟ್ಟೆಯಲ್ಲಿ, ಒಂದೇ ಯಂತ್ರದ ಮೇಲೆ ನಿಂತು ನೋಡಿ. ಯಂತ್ರ ಗಟ್ಟಿ ನೆಲದ ಮೇಲಿರಬೇಕು. ಚಾಪೆಯ ಮೇಲೆ ಇಟ್ಟರೆ ತಪ್ಪು ತೋರಿಸುತ್ತದೆ. ಬಂದ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದು ಮುಚ್ಚಿಬಿಡಿ. ಅದರ ಬಗ್ಗೆ ಆ ದಿನ ಯಾವ ತೀರ್ಮಾನವೂ ಬೇಡ. ಭಾನುವಾರ ಏಳನ್ನೂ ಕೂಡಿ ಏಳರಿಂದ ಭಾಗಿಸಿ. ಆ ಸರಾಸರಿಯೇ ನಿಮ್ಮ ಆ ವಾರದ ತೂಕ.

ಒಂದು ಉದಾಹರಣೆ ಕೊಡುತ್ತೇನೆ. ಒಬ್ಬ ಹೆಂಗಸಿನ ತೂಕ ಸೋಮವಾರದಿಂದ ಭಾನುವಾರದವರೆಗೆ 72.4, 72.1, 72.9, 73.1, 72.6, 72.2, 72.0 ಬಂದಿದೆ ಎಂದುಕೊಳ್ಳಿ. ಸರಾಸರಿ 72.5. ಮರುವಾರ 72.2, 71.9, 72.3, 72.8, 72.3, 71.8, 71.7. ಸರಾಸರಿ 72.1. ವಾರಕ್ಕೆ 300 ಗ್ರಾಂಗಿಂತ ಹೆಚ್ಚೇ ಇಳಿದಿದೆ, ಬಹಳ ಒಳ್ಳೆಯ ವೇಗ. ಆದರೆ ಇದೇ ಹೆಂಗಸು ಮೊದಲ ವಾರ ಮಂಗಳವಾರ ಮಾತ್ರ, ಮರುವಾರ ಗುರುವಾರ ಮಾತ್ರ ನೋಡಿದ್ದರೆ 72.1 ಇದ್ದದ್ದು 72.8 ಆಯಿತು, 700 ಗ್ರಾಂ ಏರಿತು ಎಂದು ಹೌಹಾರುತ್ತಿದ್ದರು. ಎಷ್ಟೋ ಮಂದಿ ಸರಿಯಾದ ದಾರಿಯಲ್ಲಿದ್ದೂ ಇಂಥ ಒಂದು ಗುರುವಾರ ಎಲ್ಲವನ್ನೂ ಕೈಬಿಡುತ್ತಾರೆ. ಅದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ನಾಲ್ಕು ವಾರದ ನಾಲ್ಕು ಸರಾಸರಿಗಳನ್ನು ಒಟ್ಟಿಗೆ ನೋಡಿ ಆಮೇಲೆ ಮಾತಾಡಿ. ಮುಟ್ಟು ಇನ್ನೂ ನಿಯಮಿತವಾಗಿದ್ದರೆ ಈ ತಿಂಗಳು ಮುಟ್ಟಾದ ಮರುವಾರದ ಸರಾಸರಿಯನ್ನು ಹೋದ ತಿಂಗಳ ಅದೇ ವಾರದ್ದರೊಂದಿಗೆ ಹೋಲಿಸುವುದು ಇನ್ನೂ ಖಚಿತ. ದಿನಾ ನೋಡಿದರೆ ಮನಸ್ಸಿಗೆ ತೀರಾ ಹಿಂಸೆ ಎನ್ನಿಸುವವರು ವಾರಕ್ಕೆ ಮೂರು ದಿನ ನೋಡಲಿ. ಅದಕ್ಕಿಂತ ಕಡಿಮೆ ನೋಡಿದರೆ ಸರಾಸರಿಗೆ ಬೆಲೆಯಿಲ್ಲ.

ತೂಕದ ಜೊತೆಗೆ ಸೊಂಟದ ಸುತ್ತಳತೆಯೂ ಬೇಕು, ಹದಿನೈದು ದಿನಕ್ಕೊಮ್ಮೆ ಸಾಕು. ದರ್ಜಿಯವರ ಟೇಪು ತಂದಿಟ್ಟುಕೊಳ್ಳಿ. ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಅಳೆಯಬೇಡಿ. ಪಕ್ಕೆಯಲ್ಲಿ ಕೈಗೆ ಸಿಗುವ ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯ ಸರಿಯಾದ ಜಾಗ. ಬರಿ ಮೈಮೇಲೆ, ಟೇಪು ಸುತ್ತಲೂ ಒಂದೇ ಮಟ್ಟದಲ್ಲಿರುವಂತೆ ಹಿಡಿದು, ಸಹಜವಾಗಿ ಉಸಿರು ಬಿಟ್ಟಾಗ ನೋಡಿ. ಹೊಟ್ಟೆ ಒಳಗೆಳೆದುಕೊಳ್ಳುವುದು ಬೇಡ. ನಮ್ಮ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಹೃದಯಕ್ಕೂ ಸಕ್ಕರೆಗೂ ಅಪಾಯ ಹೆಚ್ಚು. ತೂಕ ನಿಂತಂತೆ ಕಂಡ ತಿಂಗಳಲ್ಲೂ ಟೇಪು ಎರಡು ಸೆಂ.ಮೀ. ಕಡಿಮೆ ತೋರಿಸುವುದುಂಟು. ಹಾಗಾದರೆ ನಿಮ್ಮ ಶ್ರಮ ಕೆಲಸ ಮಾಡುತ್ತಿದೆ ಎಂದೇ ತಿಳಿಯಿರಿ.

ಈಗ ಊಟಕ್ಕೆ ಬರೋಣ. ಅನ್ನ ಬಿಟ್ಟು ಮುದ್ದೆ ಹಿಡಿದರೆ ತೂಕ ಇಳಿಯುತ್ತದೆ ಎಂಬ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಆಳವಾಗಿ ಬೇರೂರಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 355. ವ್ಯತ್ಯಾಸ ಇಷ್ಟೇ. ರಾಗಿಯ ಹಿರಿಮೆ ಬೇರೆ ಕಡೆ ಇದೆ. ನಾರಿನಂಶ ಅಕ್ಕಿಯಲ್ಲಿ ಸುಮಾರು 3 ಗ್ರಾಂ ಇದ್ದರೆ ರಾಗಿಯಲ್ಲಿ 11 ಗ್ರಾಂ. ಸುಣ್ಣದಂಶ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ, ರಾಗಿಯಲ್ಲಿ 360 ದಾಟುತ್ತದೆ. ನಲವತ್ತು ದಾಟಿದ ಹೆಂಗಸಿನ ಮೂಳೆಗೆ ಇದು ದೊಡ್ಡ ಆಸರೆ. ಆದ್ದರಿಂದ ರಾಗಿಯನ್ನು ಖಂಡಿತ ಬಿಡಬೇಡಿ. ಆದರೆ ಮುದ್ದೆಯ ಗಾತ್ರಕ್ಕೆ ಲೆಕ್ಕ ಇರಲೇಬೇಕು.

ಒಂದು ದಿನ ಅತ್ತೆಯವರು ಹಿಟ್ಟು ಹಾಕುವ ಮುಂಚೆ ಅದನ್ನು ಅಡುಗೆ ತಕ್ಕಡಿಯಲ್ಲಿ ತೂಗಿ ನೋಡಿ. ತಕ್ಕಡಿ ಇಲ್ಲದಿದ್ದರೆ ಒಂದು ಕೆ.ಜಿ. ಹಿಟ್ಟಿನ ಪೊಟ್ಟಣ ಎಷ್ಟು ಮುದ್ದೆಗೆ ಬಂತು ಎಂದು ಎಣಿಸಿದರೂ ಆಯಿತು. ಹತ್ತು ಮುದ್ದೆ ಬಂದರೆ ಒಂದೊಂದರಲ್ಲೂ 100 ಗ್ರಾಂ ಹಿಟ್ಟು, ಅಂದರೆ 320 ಕ್ಯಾಲೊರಿ. ಎಂಟೇ ಬಂದರೆ ಒಂದಕ್ಕೆ 400. ನಮ್ಮ ಕಡೆಯ ಮನೆಗಳ ಮುದ್ದೆ ಹೆಚ್ಚಾಗಿ ಈ ಎರಡರ ನಡುವೆ ಇರುತ್ತದೆ. ಆ ಅಳತೆ ಎಲ್ಲಿಂದ ಬಂತೆಂದು ಯೋಚಿಸಿ. ಬೆಳಿಗ್ಗೆ ಮುದ್ದೆ ಉಂಡು ಸಂಜೆಯವರೆಗೆ ಕಳೆ ಕಿತ್ತು, ನೀರು ಹೊತ್ತು, ಹುಲ್ಲು ತಂದು ಹಾಕುತ್ತಿದ್ದವರ ಹಸಿವಿನ ಅಳತೆ ಅದು. ಹೊಲ ಹೋಯಿತು, ಕುರ್ಚಿ ಬಂತು, ಮುದ್ದೆ ಮಾತ್ರ ಅದೇ ಗಾತ್ರದಲ್ಲಿ ಉಳಿಯಿತು. ನಿಮ್ಮ ಲೆಕ್ಕಕ್ಕೆ ಮಧ್ಯಾಹ್ನ 80 ಗ್ರಾಂ ಹಿಟ್ಟಿನದು, ರಾತ್ರಿ 60 ಗ್ರಾಂ ಹಿಟ್ಟಿನದು ಸಾಕು. ಈಗ 100 ಗ್ರಾಂನ ಎರಡು ಉಣ್ಣುತ್ತಿದ್ದರೆ ದಿನಕ್ಕೆ ಸುಮಾರು 190 ಕ್ಯಾಲೊರಿ ಉಳಿಯುತ್ತದೆ. ಅನ್ನ ಬೇಕೆನಿಸಿದ ದಿನ ಮಧ್ಯಾಹ್ನದ ಮುದ್ದೆ ಬಿಟ್ಟು ಒಂದು ಹಿಡಿ ಹೆಚ್ಚು ಪಲ್ಯದೊಂದಿಗೆ ಅನ್ನವನ್ನೇ ಉಣ್ಣಿ, ಅದರಿಂದ ವ್ರತಭಂಗವೇನೂ ಆಗುವುದಿಲ್ಲ.

ಅತ್ತೆಯವರ ಬೇಸರವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಡಿಸುವವರಿಗೆ ‘ಬೇಡ’ ಎಂಬ ಮಾತು ಚುಚ್ಚುತ್ತದೆ. ಅವರ ಕೈಯಲ್ಲೇ ಸಣ್ಣ ಮುದ್ದೆ ಕಟ್ಟಿಸಿಕೊಳ್ಳಿ, ತಟ್ಟೆಯಲ್ಲಿ ಬಿಡುವುದಕ್ಕಿಂತ ಅದು ಎಷ್ಟೋ ಮೇಲು. ‘ಅತ್ತೆ, ನಿಮ್ಮ ಬಸ್ಸಾರು ಇನ್ನೊಂದು ಸೌಟು ಹಾಕಿ, ಪಲ್ಯವೂ ಇರಲಿ’ ಎಂದು ಕೇಳಿ ಹಾಕಿಸಿಕೊಳ್ಳಿ. ಸೊಪ್ಪು, ಕಾಳು ತಟ್ಟೆ ತುಂಬ ಇದ್ದರೆ ಅವರಿಗೂ ಸಮಾಧಾನ, ನಿಮಗೂ ಹೊಟ್ಟೆ ತುಂಬುತ್ತದೆ. ಬಸ್ಸಾರು, ಮಸ್ಸೊಪ್ಪು, ಹುರುಳಿ ಸಾರು ಇಷ್ಟು ಬಗೆ ಸೊಪ್ಪು ಕಾಳು ದಿನನಿತ್ಯ ಉಣ್ಣುವ ಸೀಮೆಯಲ್ಲಿದ್ದು ನಾವು ಪಥ್ಯಕ್ಕೆಂದು ಓಟ್ಸ್ ಡಬ್ಬ ಹುಡುಕಿಕೊಂಡು ಹೋಗಬೇಕಾಗಿಲ್ಲ.

ನೀವು ಕೇಳದೇ ಬಿಟ್ಟ ಒಂದು ವಿಷಯ ಎಣ್ಣೆ. ಇದನ್ನು ನಾನು ಎಲ್ಲರಿಗೂ ಕೇಳುತ್ತೇನೆ: ನಿಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಎಣ್ಣೆ ಖರ್ಚಾಗುತ್ತದೆ? ಥಟ್ಟನೆ ಉತ್ತರ ಸಿಗುವುದೇ ಇಲ್ಲ. ಹೊಸ ಪ್ಯಾಕೆಟ್ಟು ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆಯಿರಿ. ತಿಂಗಳ ಕೊನೆಗೆ ಲೆಕ್ಕ ತಾನೇ ಹೇಳುತ್ತದೆ. ನಾಲ್ಕು ಜನರ ಮನೆಯಲ್ಲಿ ಐದು ಲೀಟರ್ ಮುಗಿಯುತ್ತದೆ ಎಂದುಕೊಳ್ಳಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಹಾಗಾಗಿ ಒಬ್ಬರಿಗೆ ದಿನಕ್ಕೆ ಸುಮಾರು 38 ಗ್ರಾಂ, ಗ್ರಾಮಿಗೆ 9 ಕ್ಯಾಲೊರಿಯಂತೆ 340 ಕ್ಯಾಲೊರಿ ಬರೀ ಎಣ್ಣೆಯಿಂದ. ಅದನ್ನು ಮೂರು ಲೀಟರಿಗೆ ಇಳಿಸಿದರೆ ತಲಾ 23 ಗ್ರಾಂ ಆಗುತ್ತದೆ, ದಿನಕ್ಕೆ 135 ಕ್ಯಾಲೊರಿ ಉಳಿಯುತ್ತದೆ. ನೀವು ಪಾರ್ಕಿನಲ್ಲಿ 40 ನಿಮಿಷ ಬಿರುಸಾಗಿ ನಡೆದು ಖರ್ಚು ಮಾಡುವುದು ಹೆಚ್ಚುಕಡಿಮೆ ಇಷ್ಟನ್ನೇ. ಒಗ್ಗರಣೆಗೆ ಎಣ್ಣೆಯನ್ನು ಪ್ಯಾಕೆಟ್ಟಿನಿಂದ ನೇರ ಸುರಿಯದೆ ಚಮಚದಲ್ಲಿ ಅಳೆದು ಹಾಕುವುದು, ಕರಿದದ್ದನ್ನು ಹಬ್ಬಕ್ಕೆ ಮೀಸಲಿಡುವುದು, ಇವೆರಡನ್ನೇ ಮಾಡಿದರೂ ಈ ಇಳಿಕೆ ಸಾಧ್ಯ. ಯಾರೊಬ್ಬರ ತಟ್ಟೆಯಿಂದಲೂ ಏನನ್ನೂ ಕಿತ್ತುಕೊಂಡಂತಾಗುವುದಿಲ್ಲ, ಮನೆಯವರೆಲ್ಲರಿಗೂ ಒಳ್ಳೆಯದು. ಅರಸೀಕೆರೆಯ ತೆಂಗು ಪಕ್ಕದಲ್ಲೇ ಇರುವ ನಮ್ಮ ಮನೆಗಳಲ್ಲಿ ಕಾಯಿಚಟ್ನಿಗೂ ಕೈ ಧಾರಾಳ. ಅದನ್ನೂ ಎರಡು ಚಮಚಕ್ಕೆ ನಿಲ್ಲಿಸಿ.

ಬೆಲ್ಲದ ಬಗ್ಗೆ ಒಂದೇ ಮಾತು: ಕ್ಯಾಲೊರಿಯಲ್ಲಿ ಅದು ಸಕ್ಕರೆಗೆ ಸಮಾನ. ದಿನಕ್ಕೆ ಮೂರು ಕಾಫಿ, ಒಂದೊಂದಕ್ಕೆ ಎರಡು ಚಮಚ ಎಂದರೆ 30 ಗ್ರಾಂ, ಸುಮಾರು 120 ಕ್ಯಾಲೊರಿ. ಅರ್ಧಕ್ಕೆ ಇಳಿಸಿ, ಹದಿನೈದು ದಿನದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಶನಿವಾರ ಒಪ್ಪೊತ್ತು ಮಾಡುವವರಾದರೆ ರಾತ್ರಿಯ ಫಲಾಹಾರವನ್ನು ನೋಡಿಕೊಳ್ಳಿ. ಎಣ್ಣೆ ಸುರಿದ ಉಪ್ಪಿಟ್ಟು, ಮೇಲೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಸೇರಿದರೆ ಊಟಕ್ಕಿಂತ ಹೆಚ್ಚಾಗುತ್ತದೆ.

ಇವಿಷ್ಟನ್ನೂ ಕೂಡಿ ನೋಡಿ. ಮುದ್ದೆಯಿಂದ 190, ಎಣ್ಣೆಯಿಂದ 135, ಕಾಫಿಯಿಂದ 60. ದಿನಕ್ಕೆ ಸುಮಾರು 385 ಕ್ಯಾಲೊರಿ, ವಾರಕ್ಕೆ 2,700ರ ಹತ್ತಿರ, ಅಂದರೆ ಒಂದು ಕೆ.ಜಿ. ಕೊಬ್ಬಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ತಿಂಗಳಿಗೆ ಒಂದೂವರೆ ಕೆ.ಜಿ. ಎಂಬುದು ಕಾಗದದ ಮೇಲಿನ ಲೆಕ್ಕ, ನಿಜದಲ್ಲಿ ಅಷ್ಟು ಇಳಿಯದಿರಬಹುದು. ದೇಹ ಹಗುರಾದಷ್ಟೂ ಅದರ ದಿನದ ಖರ್ಚು ಕಡಿಮೆಯಾಗುತ್ತದೆ. ನಾಲ್ಕು ಕೆ.ಜಿ. ಇಳಿದ ನಿಮಗೆ ಈಗ ದಿನಕ್ಕೆ ಮೊದಲಿಗಿಂತ 50–60 ಕ್ಯಾಲೊರಿ ಕಡಿಮೆ ಸಾಕು. ಅದರ ಮೇಲೆ, ಕಡಿಮೆ ಉಣ್ಣುವವರು ತಮಗೆ ತಿಳಿಯದಂತೆಯೇ ಓಡಾಟವನ್ನೂ ಕಡಿಮೆ ಮಾಡುತ್ತಾರೆ. ಬೆಳಿಗ್ಗೆ ನಡೆದಾಯಿತಲ್ಲ ಎಂದು ಸಂಜೆ ಅಂಗಡಿಗೆ ಸ್ಕೂಟರ್ ತೆಗೆಯುತ್ತಾರೆ. ಮೊದಲ ತಿಂಗಳ ಬಿಗಿ ಮೂರನೇ ತಿಂಗಳಿಗೆ ಸಡಿಲವಾಗಿ, ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ಸಂಘದಲ್ಲಿ ಯಾರದೋ ಹುಟ್ಟುಹಬ್ಬದ ಸಿಹಿ ಲೆಕ್ಕಕ್ಕೆ ಸಿಗದೆ ಸೇರಿಕೊಳ್ಳುತ್ತವೆ. ತೂಕ ‘ನಿಂತಿತು’ ಎನ್ನುವವರಲ್ಲಿ ಬಹುಪಾಲು ಮಂದಿಗೆ ಕಾರಣ ಇವುಗಳಲ್ಲೇ ಇರುತ್ತದೆ. ಎರಡು ವಾರ ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಆ ತೂಕದ ಪುಸ್ತಕದಲ್ಲೇ ಪಕ್ಕಕ್ಕೆ ಬರೆಯಿರಿ. ತಿಂದ ಕೂಡಲೇ ಬರೆಯಬೇಕು, ರಾತ್ರಿ ನೆನಪಿಸಿಕೊಂಡು ಬರೆದರೆ ಅರ್ಧ ಬಿಟ್ಟುಹೋಗುತ್ತದೆ. ಎರಡು ವಾರ ಸಾಕು, ಜೀವಮಾನವಿಡೀ ಬರೆಯುತ್ತ ಕೂರಬೇಕಿಲ್ಲ.

ಪ್ರೋಟೀನ್ ವಿಷಯದಲ್ಲಿ ಮಾತ್ರ ಕಡಿತ ಮಾಡಬೇಡಿ, ಹೆಚ್ಚಿಸಿ. ಊಟ ಕಡಿಮೆಯಾದಾಗ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ. ಸ್ನಾಯು ಹೋದರೆ ಶಕ್ತಿ ಕುಂದುತ್ತದೆ, ಕಳೆದ ತೂಕ ಮರಳುವುದೂ ಸುಲಭವಾಗುತ್ತದೆ. ನಿಮಗೆ ದಿನಕ್ಕೆ 60ರಿಂದ 70 ಗ್ರಾಂ ಪ್ರೋಟೀನ್ ಸಿಗುವಂತೆ ನೋಡಿಕೊಳ್ಳಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 30 ಗ್ರಾಂ ಒಣ ಹುರುಳಿ, ಹೆಸರು ಅಥವಾ ಕಡಲೆಯಲ್ಲಿ 6–7 ಗ್ರಾಂ ಇದೆ. ಬೆಳಿಗ್ಗೆ ಮೂರು ದೋಸೆಯ ಜಾಗದಲ್ಲಿ ಎರಡು ದೋಸೆ, ಒಂದು ಬೇಯಿಸಿದ ಮೊಟ್ಟೆ. ಮೊಟ್ಟೆ ತಿನ್ನದ ಮನೆಯಾದರೆ ಮೊಳಕೆ ಹೆಸರಿನ ಕೋಸಂಬರಿ. ಮಧ್ಯಾಹ್ನ ಸಾರಿನ ತಿಳಿಯಷ್ಟೇ ಹಾಕಿಸಿಕೊಳ್ಳದೆ ಕಾಳನ್ನೂ ಕೇಳಿ ಹಾಕಿಸಿಕೊಳ್ಳಿ. ಒಂದು ಬಟ್ಟಲು ಮೊಸರು. ಸಂಜೆ ಬಿಸ್ಕತ್ತಿನ ಬದಲು ಹುರಿಗಡಲೆ. ಕೋಳಿ, ಮೀನು ತಿನ್ನುವವರಿಗೆ ಇನ್ನೂ ಸುಲಭ. ಅವರೇಕಾಯಿ ಕಾಲ ಬಂದಾಗ ಹಿತಕಿದ ಬೇಳೆ ಸಾರನ್ನು ಮನಸಾರೆ ಉಣ್ಣಿ, ಎಣ್ಣೆಯನ್ನು ಮಾತ್ರ ಚಮಚದಲ್ಲಿ ಅಳೆಯಿರಿ. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮುಂಚೆ ವೈದ್ಯರನ್ನು ಕೇಳಲೇಬೇಕು.

ನಿಮ್ಮ ನಡಿಗೆ ಬಹಳ ಚೆನ್ನಾಗಿದೆ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನೀವು 240 ನಿಮಿಷ ಮಾಡುತ್ತಿದ್ದೀರಿ. ಮಾತಾಡಬಹುದು ಆದರೆ ಹಾಡಲು ಉಸಿರು ಸಾಲದು ಎನ್ನುವಷ್ಟು ವೇಗ ಇದ್ದರೆ ಸರಿ. ಕೊರತೆ ಇರುವುದು ಸ್ನಾಯುಬಲದ ವ್ಯಾಯಾಮದಲ್ಲಿ. ಅದೇ ಸಂಸ್ಥೆ ವಾರಕ್ಕೆ ಎರಡು ದಿನ ಅದನ್ನೂ ಮಾಡಬೇಕೆನ್ನುತ್ತದೆ. ಜಿಮ್ ಬೇಕಿಲ್ಲ. ಗೋಡೆಗೆ ಒರಗಿಸಿದ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು ಕೂರುವುದು, ಗೋಡೆಗೆ ಅಂಗೈ ಇಟ್ಟು ಮೈಯನ್ನು ಹತ್ತಿರ ತಂದು ಹಿಂದಕ್ಕೆ ತಳ್ಳುವುದು ಹತ್ತು ಸಲ, ಎರಡು ಲೀಟರಿನ ನೀರಿನ ಬಾಟಲಿಗಳನ್ನು ಎರಡು ಕೈಯಲ್ಲಿ ಹಿಡಿದು ಮಹಡಿ ಮೆಟ್ಟಿಲು ಹತ್ತಿ ಇಳಿಯುವುದು. ಇವನ್ನೇ ಮೂರು ಸುತ್ತು. ಮಂಡಿ ನೋವಿದ್ದರೆ ಕುರ್ಚಿಯ ಮೇಲೊಂದು ದಿಂಬು ಇಟ್ಟು ಎತ್ತರ ಮಾಡಿಕೊಳ್ಳಿ. ಒಂದು ಎಚ್ಚರಿಕೆ: ಹೊಸದಾಗಿ ಶುರು ಮಾಡಿದ ಮೊದಲ ಒಂದೆರಡು ವಾರ ನೊಂದ ಸ್ನಾಯುಗಳು ನೀರು ಹಿಡಿದುಕೊಂಡು ತೂಕ ಸ್ವಲ್ಪ ಏರಬಹುದು. ಅದಕ್ಕೆ ಹೆದರಿ ಬಿಡಬೇಡಿ.

ದೇಹ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯಲು ನಮ್ಮ ಜಿಲ್ಲೆಯವರಿಗೆ ಒಳ್ಳೆಯ ಜಾಗವೊಂದಿದೆ, ಶ್ರವಣಬೆಳಗೊಳದ ವಿಂಧ್ಯಗಿರಿ. ಬಂಡೆಯಲ್ಲಿ ಕೊರೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಚಪ್ಪಲಿ ಕೆಳಗೆ ಬಿಟ್ಟು ಹತ್ತಬೇಕಾದ್ದರಿಂದ ಬಂಡೆ ಕಾಯುವ ಮುಂಚೆ ಬೆಳಿಗ್ಗೆಯೇ ಹೋಗಿ. ದಾರಿಯಲ್ಲಿ ಎಷ್ಟು ಕಡೆ ನಿಂತು ಉಸಿರು ತೆಗೆದುಕೊಂಡಿರಿ, ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿಟ್ಟುಕೊಂಡು ಮೂರು ತಿಂಗಳ ಮೇಲೆ ಮತ್ತೆ ಹತ್ತಿ. ಎದೆ ನೋವು, ಹೃದಯದ ತೊಂದರೆ ಇರುವವರಿಗೆ ಇದು ಹೇಳಿದ್ದಲ್ಲ.

ಪುಡಿಯನ್ನು ಖಂಡಿತ ತೆಗೆದುಕೊಳ್ಳಬೇಡಿ. ತಿಂಗಳಿಗೆ ಎಂಟು ಕೆ.ಜಿ. ಕೊಬ್ಬು ಕರಗಬೇಕಾದರೆ ದಿನಕ್ಕೆ ಎರಡು ಸಾವಿರ ಕ್ಯಾಲೊರಿಯ ಕೊರತೆ ಬೇಕು. ನಿಮ್ಮ ದೇಹದ ಇಡೀ ದಿನದ ಖರ್ಚೇ ಅದಕ್ಕಿಂತ ಕಡಿಮೆ. ಉಪವಾಸವಿದ್ದರೂ ಆಗದ ಮಾತು. ಅಂಥ ವೇಗದಲ್ಲಿ ಇಳಿಯುವುದು ನೀರು ಮತ್ತು ಸ್ನಾಯು. ವಾರಕ್ಕೆ ಒಂದೂವರೆ ಕೆ.ಜಿ.ಗಿಂತ ಹೆಚ್ಚು ಇಳಿಸಿದವರಲ್ಲಿ ಪಿತ್ತಕೋಶದ ಕಲ್ಲಿನ ಅಪಾಯ ಹೆಚ್ಚುತ್ತದೆ, ನಲವತ್ತರ ಹೆಂಗಸರಿಗೆ ಆ ತೊಂದರೆ ಮೊದಲೇ ಜಾಸ್ತಿ. ಎರಡು ಮೂರು ತಿಂಗಳ ಮೇಲೆ ತಲೆಗೂದಲು ಹಿಡಿ ಹಿಡಿಯಾಗಿ ಉದುರತೊಡಗುತ್ತದೆ. ಪೊಟ್ಟಣದೊಳಗೆ ಏನಿದೆ ಎಂದು ಮಾರುವವರಿಗೇ ಗೊತ್ತಿರುವುದಿಲ್ಲ.

ಥೈರಾಯ್ಡ್ ಪರೀಕ್ಷೆಯನ್ನು ಒಮ್ಮೆ ಮಾಡಿಸಿ, ಟಿ.ಎಸ್.ಎಚ್. ಎಂಬ ಸರಳ ರಕ್ತ ಪರೀಕ್ಷೆ ಸಾಕು. ಸುಸ್ತು, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಒಣ ಚರ್ಮ, ಮುಟ್ಟಿನಲ್ಲಿ ಹೆಚ್ಚು ಸ್ರಾವ ಇದ್ದರೆ ತಡಮಾಡಬೇಡಿ. ಆದರೆ ಥೈರಾಯ್ಡ್ ಹಾರ್ಮೋನಿನ ಕೊರತೆ ಕಂಡುಬಂದರೂ ಅದರಿಂದ ಏರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕು ಕೆ.ಜಿ., ಅದರಲ್ಲೂ ಹೆಚ್ಚಿನದು ದೇಹ ಹಿಡಿದಿಟ್ಟುಕೊಂಡ ಉಪ್ಪು ಮತ್ತು ನೀರು. ಕೊರತೆ ಇಲ್ಲದವರು ತೂಕ ಇಳಿಸಲೆಂದು ಥೈರಾಯ್ಡ್ ಮಾತ್ರೆ ನುಂಗಿದರೆ ಹೃದಯಕ್ಕೂ ಮೂಳೆಗೂ ಪೆಟ್ಟು.

ಹಬ್ಬದ ತಿಂಗಳುಗಳಲ್ಲಿ ಇಳಿಸುವ ಗುರಿಯನ್ನೇ ಬಿಟ್ಟುಬಿಡಿ. ಗೌರಿ ಗಣೇಶದಿಂದ ಹಾಸನಾಂಬೆಯ ಬಾಗಿಲು ತೆರೆದು ದೀಪಾವಳಿ ಮುಗಿಯುವವರೆಗೆ ನೆಂಟರು ಬರುತ್ತಲೇ ಇರುತ್ತಾರೆ. ಆ ಅವಧಿಯಲ್ಲಿ ವಾರದ ಸರಾಸರಿ ಏರದೆ ನಿಂತರೆ ಅದೇ ಗೆಲುವು. ಒಬ್ಬಟ್ಟು ತಿಂದ ಮರುದಿನ ಉಪವಾಸ ಮಾಡಿ ಸರಿದೂಗಿಸಲು ಹೋಗಬೇಡಿ, ಎಂದಿನ ಊಟಕ್ಕೆ ಮರಳಿದರೆ ಸಾಕು.

ನಿಮ್ಮ ಯಜಮಾನರು ಖಂಡಿತ ಶುರು ಮಾಡಬಹುದು, ತೂಕ ಹೆಚ್ಚಿದ್ದರೆ ಇಳಿಸುವುದರಿಂದ ಸಕ್ಕರೆ ಹತೋಟಿಗೆ ಬಹಳ ನೆರವು. ಆದರೆ ನಾಳೆಯೇ ಅಲ್ಲ. ಅವರ ಮಾತ್ರೆಗಳ ಚೀಟಿ ಹಿಡಿದುಕೊಂಡು ಮೊದಲು ಅವರ ವೈದ್ಯರ ಬಳಿ ಹೋಗಲಿ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ, ಊಟ ಕಡಿಮೆ ಮಾಡಿ ನಡಿಗೆ ಹೆಚ್ಚಿಸಿದಾಗ ಸಕ್ಕರೆ ತೀರಾ ಕೆಳಗಿಳಿದು ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ಪ್ರಮಾಣವನ್ನು ವೈದ್ಯರು ಮುಂಚೆಯೇ ಬದಲಿಸಬೇಕಾಗುತ್ತದೆ, ಯಜಮಾನರು ತಾವಾಗಿಯೇ ಮಾತ್ರೆ ಬಿಡಬಾರದು. ಪಾರ್ಕಿಗೆ ಬರುವಾಗ ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಪೊಟ್ಟಣ ಇರಲಿ, ಕಾಲಿಗೆ ಗಾಯವಾಗದಂಥ ಶೂ ಇರಲಿ. ಇಷ್ಟಾದ ಮೇಲೆ ಮನೆಯ ಎಣ್ಣೆ, ಮುದ್ದೆಯ ಲೆಕ್ಕ ಅವರಿಗೂ ಅದೇ. ಎಂಟು ವಾರ ಹೀಗೆ ನಡೆಸಿ, ಆಗಲೂ ನಿಮ್ಮ ಸರಾಸರಿಯೂ ಟೇಪಿನ ಅಳತೆಯೂ ಎರಡೂ ಕದಲದಿದ್ದರೆ ಆ ಪುಸ್ತಕದ ಪುಟಗಳನ್ನು ನಕಲು ಮಾಡಿ ಕಳಿಸಿ, ಸಾಲು ಸಾಲಾಗಿ ನೋಡಿ ಉತ್ತರಿಸುತ್ತೇನೆ.